ಒಂದೇ ಔಷಧಕ್ಕೆ ಗೋವಿನಜೋಳ ಹಸಿರು, ಸಿಹಿಜೋಳ ಬಿಳಿ: ಏಕೆ ಹೀಗೆ?

ಪ್ರಶ್ನೆ: ನನ್ನದು ರಾಣೇಬೆನ್ನೂರು ತಾಲ್ಲೂಕು. ಎರಡು ಎಕರೆಯಲ್ಲಿ ಹೈಬ್ರಿಡ್ ಗೋವಿನಜೋಳ (ಮೆಕ್ಕೆಜೋಳ), ಕಾಲುವೆ ಪಕ್ಕದ ಇಪ್ಪತ್ತು ಗುಂಟೆ ಮೂಲೆಯಲ್ಲಿ ಸಿಹಿಜೋಳ ಬಿತ್ತಿದ್ದೇನೆ. ಇಪ್ಪತ್ತನೇ ದಿನ ಟೆಂಬೊಟ್ರಿಯೋನ್ ಕಳೆನಾಶಕಕ್ಕೆ ಅಟ್ರಾಜಿನ್ ಎಂಬ ಇನ್ನೊಂದು ಕಳೆನಾಶಕ ಬೆರೆಸಿ ಎರಡಕ್ಕೂ ಸಿಂಪಡಿಸಿದೆ. 16 ಲೀಟರಿನ ಟ್ಯಾಂಕಿಗೆ ಟೆಂಬೊಟ್ರಿಯೋನ್ 10 ಮಿ.ಲೀ. ಹಾಕಿದ್ದೆ. ಎರಡು ಎಕರೆಗೆ 24 ಟ್ಯಾಂಕ್ ಹಿಡಿಯಿತು, ಸಿಹಿಜೋಳಕ್ಕೆ 8 ಟ್ಯಾಂಕ್. ಕಳೆ ಎರಡೂ ಕಡೆ ಸತ್ತಿದೆ. ಆದರೆ ಆರನೇ ದಿನಕ್ಕೆ ಸಿಹಿಜೋಳದ ಸುಳಿ ಸುಣ್ಣ ಬಳಿದಂತೆ ಬಿಳಿಯಾಯಿತು. ಅದೇ ಮೂಲೆಯಲ್ಲಿ ಬೀಜ ಹುಟ್ಟದ ಕಡೆ ಉಳಿದ ಹೈಬ್ರಿಡ್ ಬೀಜ ಊರಿದ್ದೆ, ಆ ಗಿಡಗಳು ಮಾತ್ರ ಹಸಿರಾಗಿವೆ. ಕಳೆನಾಶಕಕ್ಕೆ ಎರಡು ದಿನ ಮೊದಲು ಸಿಹಿಜೋಳಕ್ಕೆ ಸೈನಿಕ ಹುಳುವಿಗೆಂದು ಪ್ರೊಫೆನೊಫಾಸ್ ಹೊಡೆದಿದ್ದೆ. ಅಂಗಡಿಯವರು ಪ್ರಮಾಣ ಹೆಚ್ಚಾಗಿದೆ ಎನ್ನುತ್ತಾರೆ, ಪಕ್ಕದ ಹೊಲದವರು ಔಷಧವೇ ನಕಲಿ ಎನ್ನುತ್ತಾರೆ. ಯಾವುದು ನಿಜ? ಬೆಳೆ ಉಳಿಯುತ್ತದೆಯೇ, ಹರಗಿ ಬೇರೆ ಬಿತ್ತಬೇಕೇ?

ಉತ್ತರ: ಮೊದಲು ಬೆಳೆಯ ಮಾತು, ಏಕೆಂದರೆ ದಿನ ಕಳೆದಂತೆ ಅದಕ್ಕೇ ಬೆಲೆ. ಇವತ್ತೇ ಹರಗಬೇಡಿ. ಬಿಳಿಯಾದ ಸಿಹಿಜೋಳದ ನಾಲ್ಕೈದು ಗಿಡಗಳನ್ನು ಬೇರೆ ಬೇರೆ ಸಾಲುಗಳಿಂದ ಕಿತ್ತು, ಚಾಕುವಿನಿಂದ ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿ. ಈ ವಯಸ್ಸಿನಲ್ಲಿ ಗಿಡದ ಬೆಳೆಯುವ ತುದಿ ಇನ್ನೂ ನೆಲದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೇ ಇರುತ್ತದೆ. ಸೀಳಿದ ಜಾಗದಲ್ಲಿ ಸಣ್ಣ ಮೊನೆಯಂತೆ ಕಾಣುವ ಆ ತುದಿ ಕೆನೆಬಣ್ಣವಿದ್ದು ಗಟ್ಟಿಯಾಗಿದ್ದರೆ ಗಿಡ ಜೀವಂತವಾಗಿದೆ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಆ ಗಿಡದ ಆಸೆ ಬಿಡಬೇಕು. ಜೀವಂತ ಗಿಡಗಳೇ ಹೆಚ್ಚಿದ್ದರೆ ಒಂದು ತೆಳು ನೀರು ಕೊಟ್ಟು ಏಳರಿಂದ ಹತ್ತು ದಿನ ಕಾಯಿರಿ. ಹೊಸದಾಗಿ ಬರುವ ಗರಿ ಬುಡದಿಂದ ಹಸಿರಾಗಿ ಏಳುತ್ತಿದೆಯೇ ನೋಡುತ್ತಿರಿ. ಈಗಾಗಲೇ ಬಿಳಿಯಾದ ಗರಿ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಎದೆಗುಂದಬೇಡಿ. ಹೊಸ ಗರಿಯೇ ನಿಮಗೆ ಸಾಕ್ಷಿ. ಅಲ್ಲಿಯವರೆಗೆ ಯೂರಿಯಾ ಬೇಡ, ಇನ್ನೊಂದು ಔಷಧ ಬೇಡ, ಅಂಗಡಿಯಲ್ಲಿ ಕೊಡುವ ಟಾನಿಕ್ಕೂ ಬೇಡ. ಅನ್ನ ತಯಾರಿಸುವ ಹಸಿರೇ ಇಲ್ಲದ ಎಲೆಗೆ ಟಾನಿಕ್ ಹೊಡೆದು ಹಣ ಕಳೆದುಕೊಂಡ ರೈತರನ್ನು ನಾನು ಪ್ರತಿ ಮುಂಗಾರಿನಲ್ಲೂ ನೋಡುತ್ತೇನೆ.

ಈಗ ಕಾರಣಕ್ಕೆ ಬರೋಣ. ಔಷಧ ನಕಲಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡೂ ಕಡೆ ಕಳೆ ಸತ್ತಿದೆ, ಎರಡು ಎಕರೆಯ ಹೈಬ್ರಿಡ್ ಚೆನ್ನಾಗಿದೆ. ಬಾಟಲಿಯಲ್ಲಿ ಇರಬೇಕಾದ ವಸ್ತುವೇ ಇದೆ, ಅದು ಮಾಡಬೇಕಾದ ಕೆಲಸವನ್ನೇ ಮಾಡಿದೆ. ಎಲೆ ಬಿಳಿಯಾಗಿರುವ ಬಗೆಯೂ ಟೆಂಬೊಟ್ರಿಯೋನಿನದೇ ಗುರುತು. ಗಿಡದಲ್ಲಿ ಎಚ್‌ಪಿಪಿಡಿ ಎಂಬ ಕಿಣ್ವವೊಂದಿದೆ. ಈ ಔಷಧ ಅದನ್ನು ತಡೆಹಿಡಿಯುತ್ತದೆ. ಆಗ ಎಲೆಯಲ್ಲಿ ಕ್ಯಾರೊಟಿನಾಯ್ಡ್ ಎಂಬ ಹಳದಿ ವರ್ಣದ್ರವ್ಯ ಹುಟ್ಟುವುದು ನಿಲ್ಲುತ್ತದೆ. ಪತ್ರಹರಿತ್ತಿಗೆ ಬಿಸಿಲಿನಿಂದ ಕೊಡೆ ಹಿಡಿಯುವುದು ಆ ಹಳದಿಯೇ. ಕೊಡೆ ಹೋದ ಮೇಲೆ ಬಿಸಿಲೇ ಹಸಿರನ್ನು ಸುಟ್ಟುಹಾಕುತ್ತದೆ. ಅದಕ್ಕಾಗಿಯೇ ಹಳೆಯ ಎಲೆಗಿಂತ, ಔಷಧ ಬಿದ್ದ ಮೇಲೆ ಬೆಳೆದ ಸುಳಿಯ ಎಲೆ ಹೆಚ್ಚು ಬಿಳಿಯಾಗುತ್ತದೆ.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ನೀವು ಲೆಕ್ಕ ಬರೆದು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. ಶೇ 34.4ರ ಟೆಂಬೊಟ್ರಿಯೋನ್ ಎಕರೆಗೆ ಸುಮಾರು 115 ಮಿ.ಲೀ. ಸಾಕು. ಎರಡು ಎಕರೆಗೆ ನೀವು ಹಾಕಿದ್ದು 240 ಮಿ.ಲೀ., ಅಂದರೆ ಎಕರೆಗೆ 120. ಅದು ಸರಿಯಾಗಿಯೇ ಇದೆ. ಇಪ್ಪತ್ತು ಗುಂಟೆಗೆ ಸುಮಾರು 58 ಮಿ.ಲೀ. ಬೀಳಬೇಕಿತ್ತು, ಬಿದ್ದದ್ದು 80. ಶೇ 40ರ ಹತ್ತಿರ ಹೆಚ್ಚು. ಮೂಲೆ ತುಂಡಿನಲ್ಲಿ ಸಾಲುಗಳು ಗಿಡ್ಡ, ಹೆಜ್ಜೆಹೆಜ್ಜೆಗೂ ತಿರುಗಬೇಕು, ತಿರುಗುವಾಗ ನಾಜಲ್ ಮುಚ್ಚುವುದಿಲ್ಲ, ಬಿದ್ದ ಕಡೆಯೇ ಮತ್ತೆ ಬೀಳುತ್ತದೆ. ಸಣ್ಣ ತುಂಡು ಭೂಮಿಯಲ್ಲಿ ಎಲ್ಲರಿಗೂ ಆಗುವ ತಪ್ಪಿದು.

ಆದರೂ ಮುಖ್ಯ ಕಾರಣ ಅದಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಬೇರೆ: ಹುಟ್ಟದ ಕಡೆ ಊರಿದ ಹೈಬ್ರಿಡ್ ಗಿಡಗಳು ಹಸಿರಾಗಿವೆ ಎಂಬುದು. ಅವುಗಳ ಮೇಲೆ ಬಿದ್ದದ್ದು ಅದೇ ಟ್ಯಾಂಕಿನ ಔಷಧ, ಅದೇ ಹೆಚ್ಚಿನ ಪ್ರಮಾಣ. ಮಣ್ಣು ಅದೇ, ಬಿಸಿಲು ಅದೇ, ಎರಡು ದಿನ ಮೊದಲು ಬಿದ್ದ ಪ್ರೊಫೆನೊಫಾಸ್ ಕೂಡ ಅದೇ. ತಡವಾಗಿ ಊರಿದ್ದರಿಂದ ಅವು ಕೆಲವು ದಿನ ಎಳೆಯವು ಕೂಡ, ಆದರೂ ತಾಳಿಕೊಂಡಿವೆ. ಎಲ್ಲವೂ ಒಂದೇ ಆಗಿರುವಾಗ ಬೇರೆಯಾದದ್ದು ಒಂದೇ ಒಂದು, ಬೀಜ. ಸಂಶೋಧನಾ ಕೇಂದ್ರದಲ್ಲಿ ನಾವು ಹಣ ಸುರಿದು ಮಾಡುವ ಪ್ರಯೋಗವನ್ನು ನಿಮ್ಮ ಹೊಲ ತಾನಾಗಿಯೇ ಮಾಡಿಕೊಟ್ಟಿದೆ. ನಿಮ್ಮ ಸಿಹಿಜೋಳದ ತಳಿ ಈ ಔಷಧವನ್ನು ತಾಳುವುದಿಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ನನ್ನದೇ ಒಂದು ತಪ್ಪೂ ಕಾರಣ. ಹಲವು ವರ್ಷಗಳ ಹಿಂದೆ ಬ್ಯಾಡಗಿ ಕಡೆಯ ರೈತರೊಬ್ಬರು ಇಂಥದೇ ಬಿಳಿ ಗರಿಗಳನ್ನು ಟವೆಲ್‌ನಲ್ಲಿ ಸುತ್ತಿಕೊಂಡು ನನ್ನ ಬಳಿ ಬಂದಿದ್ದರು. ನೋಡಿದ ಕೂಡಲೇ, 'ಅಳತೆ ತಪ್ಪಿದ್ದೀರಿ' ಎಂದು ಹೇಳಿ ಕಳುಹಿಸಿದೆ. ಅವರು ಮರುಮಾತಾಡದೆ, ಉಳಿದಿದ್ದ ಒಂದು ಹಿಡಿ ಬೀಜವನ್ನು ಮೇಜಿನ ಮೇಲೆ ಇಟ್ಟು ಹೋದರು. ಆ ಬೀಜವನ್ನು ಕುಂಡಗಳಲ್ಲಿ ಬಿತ್ತಿ, ಸಿರಿಂಜಿನಿಂದ ಅಳೆದು, ಸರಿಯಾದ ಪ್ರಮಾಣದಲ್ಲಿ ಸಿಂಪಡಿಸಿದೆ. ಎಂಟನೇ ದಿನಕ್ಕೆ ಎಲ್ಲವೂ ಬಿಳಿ. ಪಕ್ಕದ ಕುಂಡದ ಸಾಮಾನ್ಯ ಗೋವಿನಜೋಳಕ್ಕೆ ಏನೂ ಆಗಿರಲಿಲ್ಲ. ಮರುದಿನವೇ ಅವರ ಊರಿಗೆ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ, ಬೀಜದ ಹೆಸರು ಕೇಳದೆ ಯಾರಿಗೂ 'ಪ್ರಮಾಣ ಹೆಚ್ಚಾಗಿದೆ' ಎಂದು ನಾನು ಹೇಳುವುದಿಲ್ಲ.

ತಳಿಯಿಂದ ತಳಿಗೆ ಇಷ್ಟು ವ್ಯತ್ಯಾಸ ಹೇಗೆ ಬರುತ್ತದೆ? ಕಳೆನಾಶಕ ಬೆಳೆಯೊಳಗೆ ಹೋಗುವುದೇ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಕಳೆಗೆ ಹೋದಂತೆಯೇ ಬೆಳೆಗೂ ಹೋಗುತ್ತದೆ. ಗೋವಿನಜೋಳ ಅದನ್ನು ಒಳಗೆ ಬಂದ ಕೂಡಲೇ ಒಡೆದು ನಿರ್ವಿಷ ಮಾಡುತ್ತದೆ, ಕಳೆಗೆ ಆ ವೇಗವಿಲ್ಲ. ನಾವು ಔಷಧ ಬೆಳೆಗೆ ಸುರಕ್ಷಿತ ಎನ್ನುವಾಗ ನಿಜವಾಗಿ ಹೇಳುತ್ತಿರುವುದು ಈ ವೇಗದ ಮಾತನ್ನು. ಒಡೆಯುವ ಕೆಲಸ ಮಾಡುವುದು ಸೈಟೋಕ್ರೋಮ್ ಪಿ450 ಎಂಬ ಗುಂಪಿಗೆ ಸೇರಿದ ಕಿಣ್ವಗಳು. ಗೋವಿನಜೋಳದ ಐದನೇ ವರ್ಣತಂತುವಿನಲ್ಲಿ ಇಂಥ ಕಿಣ್ವವೊಂದನ್ನು ಮಾಡುವ ವಂಶವಾಹಿ ಇದೆ. ವಿಜ್ಞಾನಿಗಳು ಅದನ್ನು ಸಿವೈಪಿ81ಎ9 ಎಂದು ಕರೆಯುತ್ತಾರೆ. ಈ ಒಂದು ವಂಶವಾಹಿ ಕೆಟ್ಟರೆ ಸಾಕು, ಗಿಡ ಒಂದಲ್ಲ, ಹಲವು ಕಳೆನಾಶಕಗಳಿಗೆ ತುತ್ತಾಗುತ್ತದೆ. ಟೆಂಬೊಟ್ರಿಯೋನ್, ಮೀಸೊಟ್ರಿಯೋನ್, ನಿಕೊಸಲ್ಫ್ಯೂರಾನ್, ಬೆಂಟಜೋನ್ ಇವು ಮೂರು ಬೇರೆ ಬೇರೆ ಮನೆತನಗಳ ಔಷಧಗಳಾದರೂ ಅವನ್ನು ಒಡೆಯಲು ಗಿಡ ನೆಚ್ಚಿಕೊಂಡಿರುವುದು ಒಂದೇ ಕಿಣ್ವವನ್ನು.

ಅಮೆರಿಕದ ಸಿಹಿಜೋಳ ಬೆಳೆಗಾರರು ಇದನ್ನು ನಷ್ಟ ಅನುಭವಿಸಿಯೇ ಕಲಿತರು. ಅಲ್ಲಿ 'ಮೆರಿಟ್' ಎಂಬ ಜನಪ್ರಿಯ ಸಿಹಿಜೋಳದ ಹೈಬ್ರಿಡ್ ಇತ್ತು. ಬೇರೆ ತಳಿಗಳು ತಾಳಿಕೊಳ್ಳುವ ನಿಕೊಸಲ್ಫ್ಯೂರಾನ್‌ಗೆ ಅದು ಸತ್ತೇ ಹೋಗುತ್ತಿತ್ತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಪಟಾಕಿ, ಮಾರ್ಟಿನ್ ವಿಲಿಯಮ್ಸ್ ಮತ್ತು ಅವರ ಜೊತೆಗಾರರು ಸಿಹಿಜೋಳದ ತಳಿಗಳನ್ನು ಸಾಲುಸಾಲಾಗಿ ಬಿತ್ತಿ, ಒಂದೊಂದಕ್ಕೂ ಈ ಔಷಧಗಳನ್ನು ಹೊಡೆದು ನೋಡಿದರು. ಅವರ ಕೆಲಸದಿಂದ ಸ್ಪಷ್ಟವಾದದ್ದು ಇದು: ಹೈಬ್ರಿಡ್‌ನ ತಂದೆ ತಾಯಿಯಾದ ಎರಡೂ ಮೂಲ ತಳಿಗಳು (ತಳಿ ತಜ್ಞರು ಇವನ್ನು 'ಸಾಲು' ಎನ್ನುತ್ತಾರೆ) ಕೆಟ್ಟ ವಂಶವಾಹಿ ಕೊಟ್ಟಿದ್ದರೆ ಗಿಡಕ್ಕೆ ಭಾರಿ ಪೆಟ್ಟು ಬೀಳುತ್ತದೆ. ಎರಡೂ ಒಳ್ಳೆಯದನ್ನು ಕೊಟ್ಟಿದ್ದರೆ ಏನೂ ಆಗುವುದಿಲ್ಲ. ಒಂದು ಒಳ್ಳೆಯದು, ಒಂದು ಕೆಟ್ಟದ್ದು ಬಂದಿದ್ದರೆ ನಡುವಿನ ಸ್ಥಿತಿ. ತಂಪು ಹವೆ, ಹೆಚ್ಚಿದ ಪ್ರಮಾಣ, ಗಿಡದ ವಯಸ್ಸು ಇವುಗಳ ಮೇಲೆ ಒಮ್ಮೆ ಚೇತರಿಸಿಕೊಳ್ಳುತ್ತದೆ, ಒಮ್ಮೆ ನೆಲಕಚ್ಚುತ್ತದೆ. ಈ ನಡುವಿನ ಹೈಬ್ರಿಡ್‌ಗಳೇ ರೈತರನ್ನು ಹೆಚ್ಚು ದಾರಿ ತಪ್ಪಿಸುವುದು. 'ಹೋದ ವರ್ಷ ಏನೂ ಆಗಿರಲಿಲ್ಲ' ಎಂಬ ಮಾತು ಸಾಮಾನ್ಯವಾಗಿ ಹುಟ್ಟುವುದು ಇಲ್ಲಿಂದ.

ಸಿಹಿಜೋಳದಲ್ಲೇ ಇದು ಏಕೆ ಹೆಚ್ಚು ಎಂದು ನೀವು ಕೇಳಬಹುದು. ಸಾಮಾನ್ಯ ಗೋವಿನಜೋಳದ ತಳಿ ತಜ್ಞರ ಹೊಲಗಳಲ್ಲಿ ಕಳೆನಾಶಕ ಬೀಳುತ್ತಲೇ ಇರುತ್ತದೆ, ತಾಳದ ಸಾಲುಗಳು ಅಲ್ಲೇ ಉದುರಿಹೋಗುತ್ತವೆ. ಸಿಹಿಜೋಳದಲ್ಲಿ ಹುಡುಕುವುದು ಸಿಹಿ, ತೆಳು ಸಿಪ್ಪೆ, ತೆನೆಯ ಅಂದ. ಆ ಗುಣಗಳಿಗಾಗಿ ಮತ್ತೆ ಮತ್ತೆ ಬಳಸಿದ ಕೆಲವೇ ಸಾಲುಗಳ ಜೊತೆ ಈ ದುರ್ಬಲ ವಂಶವಾಹಿಯೂ ಬಂದಿದೆ. ಆದರೆ ಎಲ್ಲ ಸಿಹಿಜೋಳವೂ ಹೀಗೆ ಎಂದು ತಿಳಿಯಬೇಡಿ. ಎರಡು ಪಟ್ಟು ಪ್ರಮಾಣ ಬಿದ್ದರೂ ಅಲುಗದ ಸಿಹಿಜೋಳಗಳಿವೆ. ಅದೇ ರೀತಿ ಗೋವಿನಜೋಳವೆಲ್ಲ ಗಟ್ಟಿ ಎಂದೂ ತಿಳಿಯಬೇಡಿ. ಅಟ್ರಾಜಿನ್ ಗೋವಿನಜೋಳಕ್ಕೆ ಏನೂ ಮಾಡುವುದಿಲ್ಲ ಎಂಬುದು ಗಾದೆಯಷ್ಟೇ ಹಳೆಯ ಮಾತು. ಆದರೆ 1960ರ ದಶಕದಲ್ಲೇ ಜಿಟಿ112 ಎಂಬ ಗೋವಿನಜೋಳದ ಸಾಲು ಅಟ್ರಾಜಿನ್‌ಗೆ ಸಾಯುವುದು ಕಂಡುಬಂದಿತ್ತು. ಅಟ್ರಾಜಿನ್ ಅನ್ನು ಕಟ್ಟಿಹಾಕುವ ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಎಂಬ ಬೇರೊಂದು ಕಿಣ್ವ ಅದರಲ್ಲಿ ಕೆಲಸ ಮಾಡುತ್ತಿರಲಿಲ್ಲ. ನಿಮ್ಮ ಸೀಮೆಯಲ್ಲಿ ಬೀಜೋತ್ಪಾದನೆ ಮಾಡುವವರು ಬಹಳ ಮಂದಿ ಇರುವುದರಿಂದ ಒಂದು ಮಾತು: ಗೋವಿನಜೋಳದ ಬೀಜದ ಪ್ಲಾಟಿನಲ್ಲಿರುವ ಗಂಡು, ಹೆಣ್ಣು ಸಾಲುಗಳು ಹೈಬ್ರಿಡ್‌ನಷ್ಟು ಗಟ್ಟಿಯಲ್ಲ. ಬೀಜ ಕೊಟ್ಟವರು ಲಿಖಿತವಾಗಿ ಹೇಳದ ಹೊರತು ಅಲ್ಲಿ ಎಲೆಯ ಮೇಲೆ ಬೀಳುವ ಯಾವ ಕಳೆನಾಶಕವನ್ನೂ ಹೊಡೆಯಬೇಡಿ.

ಪ್ರೊಫೆನೊಫಾಸ್ ವಿಷಯವನ್ನು ನಾನು ಮರೆತಿಲ್ಲ. ಅದು ನಿಮ್ಮ ಹಾನಿಯನ್ನು ಹೆಚ್ಚಿಸಿರುವ ಸಾಧ್ಯತೆ ಇದೆ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ನಾನು ಹೇಳಿದ ಪಿ450 ಕಿಣ್ವಗಳ ಕೈಯನ್ನೇ ಕಟ್ಟಿಹಾಕುತ್ತವೆ. ಟೆಂಬೊಟ್ರಿಯೋನಿನ ಸಂಬಂಧಿಯಾದ ಮೀಸೊಟ್ರಿಯೋನ್‌ನ ಅಮೆರಿಕದ ಲೇಬಲ್‌ನಲ್ಲಿ, ಈ ಕೀಟನಾಶಕಗಳನ್ನು ಜೊತೆಗೆ ಬೆರೆಸಬಾರದು, ಏಳು ದಿನ ಮೊದಲೂ ಏಳು ದಿನ ನಂತರವೂ ಹೊಡೆಯಬಾರದು ಎಂದೇ ಇದೆ. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಮೇಲೆ, ಗೋವಿನಜೋಳಕ್ಕೆ ಇಪ್ಪತ್ತು ದಿನದೊಳಗೇ ಕೀಟನಾಶಕ ಹೊಡೆಯುವ ರೂಢಿ ಬಂದಿದೆ. ಕಳೆನಾಶಕದ ಸಮಯವೂ ಅದೇ. ಕೂಲಿ ಉಳಿಸಲು ಎರಡನ್ನೂ ಒಂದೇ ಟ್ಯಾಂಕಿಗೆ ಸುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹುಳು ಅಷ್ಟು ಜೋರಾಗಿದ್ದರೆ ಎಮಾಮೆಕ್ಟಿನ್ ಬೆಂಜೊಯೇಟ್ ಅಥವಾ ಕ್ಲೋರಾಂಟ್ರಾನಿಲಿಪ್ರೋಲ್‌ನಂಥ ಬೇರೆ ಗುಂಪಿನದನ್ನು ಆರಿಸಿ, ಅದನ್ನೂ ಬೇರೆ ದಿನ ಹೊಡೆಯಿರಿ.

ಇದು ಗೋವಿನಜೋಳದ ಕಥೆ ಮಾತ್ರವಲ್ಲ. ಧಾರವಾಡ, ಬೆಳಗಾವಿ, ಬೀದರ್ ಕಡೆಯ ಸೋಯಾ ಬೆಳೆಗಾರರು ಮೆಟ್ರಿಬ್ಯೂಜಿನ್ ಎಂಬ ಕಳೆನಾಶಕ ಬಳಸುವ ಮುನ್ನ ಇದನ್ನು ತಿಳಿದಿರಬೇಕು. ಅಮೆರಿಕದ ಮಿಸಿಸಿಪಿಯಲ್ಲಿ 1970ರ ದಶಕದಲ್ಲಿ 'ಟ್ರೇಸಿ' ಎಂಬ ಸೋಯಾ ತಳಿ ಬಂತು. ರೋಗ ನಿರೋಧಕತೆ ಚೆನ್ನಾಗಿತ್ತು, ಆದರೆ ಮೆಟ್ರಿಬ್ಯೂಜಿನ್ ಬಿದ್ದರೆ ಗಿಡಗಳು ಸಾಯುತ್ತಿದ್ದವು. ಅದೇ ತಳಿಯೊಳಗಿಂದ ಔಷಧ ತಾಳಿಕೊಂಡ ಗಿಡಗಳನ್ನು ಆರಿಸಿ ಬೆಳೆಸಿ, 'ಟ್ರೇಸಿ-ಎಂ' ಎಂಬ ಹೆಸರಿನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಅಲ್ಲಿಯೂ ವ್ಯತ್ಯಾಸಕ್ಕೆ ಕಾರಣ ಒಂದೇ ವಂಶವಾಹಿ. ಮೆಟ್ರಿಬ್ಯೂಜಿನ್‌ನಲ್ಲಿ ಮಣ್ಣಿನ ಪಾತ್ರವೂ ದೊಡ್ಡದು. ಸಾವಯವ ಅಂಶ ಕಡಿಮೆ ಇರುವ ಹಗುರ ಮಣ್ಣಿನಲ್ಲಿ, ಕ್ಷಾರ ಹೆಚ್ಚಿರುವ ನೆಲದಲ್ಲಿ ಔಷಧ ಮಣ್ಣಿಗೆ ಅಂಟಿಕೊಳ್ಳದೆ ಬೇರಿಗೆ ಹೆಚ್ಚು ಸಿಗುತ್ತದೆ. ದುರ್ಬಲ ತಳಿ, ಇಂಥ ಮಣ್ಣು, ಬಿತ್ತಿದ ಮೇಲೆ ಜೋರು ಮಳೆ ಮೂರೂ ಕೂಡಿದರೆ ಮೊಳಕೆ ಉಳಿಯುವುದು ಕಷ್ಟ.

ಭತ್ತದಲ್ಲಿ ಇನ್ನೂ ವಿಚಿತ್ರ. ಜಪಾನಿನಲ್ಲಿ ಬೆಂಜೊಬೈಸೈಕ್ಲಾನ್ ಎಂಬ ಕಳೆನಾಶಕವನ್ನು ಅಲ್ಲಿನ ಊಟದ ಅಕ್ಕಿಯ ತಳಿಗಳು ಸುಲಭವಾಗಿ ತಾಳುತ್ತಿದ್ದವು. ಹೆಚ್ಚು ಇಳುವರಿಗಾಗಿ ಇಂಡಿಕಾ ಭತ್ತದ ರಕ್ತ ಬೆರೆಸಿ ಮಾಡಿದ ಕೆಲವು ಹೊಸ ತಳಿಗಳು ಮಾತ್ರ ಅದೇ ಔಷಧಕ್ಕೆ ಬಿಳಿಯಾಗಿ ಸತ್ತವು. ಹಿಂದೆ ಬಿದ್ದು ಹುಡುಕಿದಾಗ ಎಚ್ಐಎಸ್1 ಎಂಬ ವಂಶವಾಹಿ ಸಿಕ್ಕಿತು. 2019ರಲ್ಲಿ ಅದರ ವಿವರ ಪ್ರಕಟವಾಯಿತು. ಒಂದು ಕಡೆಯ ಬೆಳೆಗೆ ಸುರಕ್ಷಿತವಾದ ಔಷಧ ಇನ್ನೊಂದು ಕಡೆಯ ಅದೇ ಬೆಳೆಗೆ ವಿಷವಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಕೆಲವರು ಇದನ್ನು ಕುಲಾಂತರಿಯ ಜೊತೆ ಬೆರೆಸಿ ಗೊಂದಲ ಮಾಡಿಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ತಳಿಗಳಲ್ಲಿ ಸಹಜವಾಗಿಯೇ ಇರುವ ವ್ಯತ್ಯಾಸ. ಬೇಕೆಂದೇ ತಾಳಿಕೆ ಕೂಡಿಸಿದ ತಳಿಗಳು ಬೇರೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 2021ರಲ್ಲಿ ಕೊಟ್ಟ ಪೂಸಾ ಬಾಸ್ಮತಿ 1979 ಮತ್ತು 1985 ಇಮಾಜೆಥಾಪೈರ್ ಕಳೆನಾಶಕವನ್ನು ತಾಳುತ್ತವೆ. ಅವು ಕುಲಾಂತರಿಗಳಲ್ಲ, ರೂಪಾಂತರಗೊಂಡ ಭತ್ತದ ವಂಶವಾಹಿಯನ್ನೇ ಸಂಕರಣದಿಂದ ತಂದದ್ದು. ಅವುಗಳ ಮೇಲೆ ಹೊಡೆದದ್ದನ್ನು ನೋಡಿ ನಿಮ್ಮ ಸೋನಾ ಮಸೂರಿಗೆ ಇಮಾಜೆಥಾಪೈರ್ ಹೊಡೆದರೆ ಗದ್ದೆ ಖಾಲಿಯಾಗುತ್ತದೆ. ಕಳೆ ಔಷಧಕ್ಕೆ ಸಾಯದ ಹತ್ತಿ ಎಂದು ಬಿಲ್ಲಿಲ್ಲದೆ ಮಾರುವ ಬೀಜಕ್ಕೆ ಸರ್ಕಾರದ ಅನುಮತಿಯೇ ಇಲ್ಲ, ಅದನ್ನು ಕೊಳ್ಳಬೇಡಿ.

ನನಗೆ ನಿಜವಾಗಿ ಸಿಟ್ಟು ಬರುವ ವಿಷಯ ಒಂದಿದೆ. ನಿಮ್ಮ ಔಷಧದ ಬಾಟಲಿಯ ಮೇಲೆ 'ಮೆಕ್ಕೆಜೋಳ' ಎಂದಿದೆ. ನಿಮ್ಮ ಸಿಹಿಜೋಳವೂ ಮೆಕ್ಕೆಜೋಳವೇ. ಅದನ್ನು ಓದಿ ಸಿಂಪಡಿಸಿದ ನೀವು ತಪ್ಪು ಮಾಡಿಲ್ಲ. ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣ ಇದೆ, ಶುದ್ಧತೆ ಇದೆ, ಯಾವ ಕಳೆನಾಶಕ ತಾಳುವುದಿಲ್ಲ ಎಂಬ ಒಂದು ಸಾಲು ಇಲ್ಲ. ಬರೆಯಲು ಆಗದ ಮಾತೇನಲ್ಲ ಅದು. ಅಮೆರಿಕದಲ್ಲಿ ಮೆಟ್ರಿಬ್ಯೂಜಿನ್ ಲೇಬಲ್ ಮೇಲೆ, ಕೆಂಪು ಸಿಪ್ಪೆಯ ಮತ್ತು ಬೇಗ ಬರುವ ಬಿಳಿ ಸಿಪ್ಪೆಯ ಆಲೂಗಡ್ಡೆಗೆ ಗಿಡ ಹುಟ್ಟಿದ ಮೇಲೆ ಹೊಡೆಯಬಾರದು ಎಂದು ಬರೆಯುತ್ತಾರೆ. ನಮ್ಮ ಬೀಜ ಕಂಪನಿಗಳೂ ತಮ್ಮ ಹೈಬ್ರಿಡ್‌ಗಳನ್ನು ನಾಲ್ಕೈದು ಸಾಮಾನ್ಯ ಕಳೆನಾಶಕಗಳಿಗೆ ಒಡ್ಡಿ ನೋಡಿ, ಫಲಿತಾಂಶವನ್ನು ಚೀಲದ ಮೇಲೆ ಕನ್ನಡದಲ್ಲಿ ಅಚ್ಚು ಹಾಕಬೇಕು. ಅದಕ್ಕೆ ಒಂದು ಹಂಗಾಮು ಸಾಕು. ಬೀಜ ಕೊಳ್ಳುವಾಗ ಪ್ರತಿಯೊಬ್ಬ ರೈತರೂ ಇದನ್ನು ಕೇಳಲು ಶುರುಮಾಡಿದರೆ ಅವರೂ ಬರೆಯಲು ಶುರುಮಾಡುತ್ತಾರೆ.

ಅಲ್ಲಿಯವರೆಗೆ ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಹೊಸ ತಳಿ ಬಿತ್ತಿದಾಗ ಇಡೀ ಹೊಲಕ್ಕೆ ಹೊಡೆಯುವ ಐದಾರು ದಿನ ಮೊದಲು ಬದುವಿನ ಪಕ್ಕದ ಮೂರು ಸಾಲುಗಳಲ್ಲಿ ಹತ್ತು ಹತ್ತು ಅಡಿ ಗುರುತು ಹಾಕಿ. ಒಂದನ್ನು ಹಾಗೆಯೇ ಬಿಡಿ. ಒಂದಕ್ಕೆ ಲೇಬಲ್‌ನಲ್ಲಿರುವ ಪ್ರಮಾಣ ಹೊಡೆಯಿರಿ. ಮೂರನೆಯದಕ್ಕೆ ಹೊಡೆದ ಮೇಲೆಯೇ ಇನ್ನೊಮ್ಮೆ ಹೊಡೆಯಿರಿ, ಏಕೆಂದರೆ ಹೊಲದಲ್ಲಿ ತಿರುಗುವ ಕಡೆಯೆಲ್ಲ ಆಗುವುದು ಅದೇ. ಐದನೇ ದಿನಕ್ಕೆ ಸುಳಿ ನೋಡಿ. ಒಂದು ಸಲ ಹೊಡೆದದ್ದಕ್ಕೇ ಬಿಳಿಯಾದರೆ ಆ ತಳಿಗೆ ಆ ಔಷಧ ಬೇಡವೇ ಬೇಡ. ಎರಡು ಸಲ ಹೊಡೆದದ್ದು ಮಾತ್ರ ಬಿಳಿಯಾದರೆ ಹೊಡೆಯಬಹುದು, ಆದರೆ ನಾಜಲ್ ಮೇಲೆ ಕಣ್ಣಿರಬೇಕು. ಕಳೆ ನಾಲ್ಕು ಎಲೆ ದಾಟುವ ಮೊದಲೇ ಟೆಂಬೊಟ್ರಿಯೋನ್ ಬೀಳಬೇಕಾದ್ದರಿಂದ ಈ ಪರೀಕ್ಷೆಯನ್ನು ಹದಿಮೂರು, ಹದಿನಾಲ್ಕನೇ ದಿನಕ್ಕೇ ಮಾಡಬೇಕಾಗುತ್ತದೆ. ಸಿಹಿಜೋಳದ ಸಣ್ಣ ತುಂಡುಗಳಿಗೆ ನನ್ನ ಸಲಹೆ ಇನ್ನೂ ಸರಳ: ಎಡೆಕುಂಟೆ ಹೊಡೆದು, ಸಾಲಿನೊಳಗಿನದನ್ನು ಕುರ್ಚಿಗೆಯಿಂದ ತೆಗೆಸಿ. ಇಪ್ಪತ್ತು ಗುಂಟೆಗೆ ಆಗುವ ಕೂಲಿ ನೀವು ಈಗ ಅನುಭವಿಸುತ್ತಿರುವ ನಷ್ಟಕ್ಕಿಂತ ಕಡಿಮೆ.

ಕೊನೆಗೆ ಹರಗುವ ಪ್ರಶ್ನೆ. ಹತ್ತು ದಿನದ ನಂತರ ಅರ್ಧಕ್ಕಿಂತ ಹೆಚ್ಚು ಗಿಡಗಳಲ್ಲಿ ಹಸಿರು ಗರಿ ಬಾರದಿದ್ದರೆ ಹರಗಿಬಿಡಿ. ಚೇತರಿಸಿಕೊಂಡ ಗಿಡಗಳೂ ಹಿಂದುಮುಂದಾಗಿ ತೆನೆ ಬಿಡುತ್ತವೆ. ಒಂದೇ ಸಲ ಲಾರಿಗೆ ತುಂಬಿಸಬೇಕಾದ ಸಿಹಿಜೋಳಕ್ಕೆ ಅದು ದೊಡ್ಡ ತೊಡಕು, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹರಗಿದ ಮೇಲೆ ಅಲ್ಲಿ ಹೆಸರು, ಅಲಸಂದೆ, ಸೋಯಾ, ತರಕಾರಿ ಯಾವುದನ್ನೂ ಈ ಹಂಗಾಮಿನಲ್ಲಿ ಹಾಕಬೇಡಿ. ಮಣ್ಣಿನಲ್ಲಿರುವ ಅಟ್ರಾಜಿನ್ ಅವನ್ನು ಹುಟ್ಟಿದ ಕೂಡಲೇ ಸುಡುತ್ತದೆ. ನಿಮ್ಮ ಎರಡು ಎಕರೆಯಲ್ಲಿ ಚೆನ್ನಾಗಿರುವ ಅದೇ ಹೈಬ್ರಿಡ್ ಗೋವಿನಜೋಳವನ್ನೇ ಬಿತ್ತಿ. ಕಿತ್ತ ಬಿಳಿ ಗಿಡಗಳನ್ನು ದನಕ್ಕೆ ಹಾಕಬೇಡಿ.

ದೂರು ಕೊಡುವ ಮನಸ್ಸಿದ್ದರೆ ಹರಗುವ ಮೊದಲೇ ರೈತ ಸಂಪರ್ಕ ಕೇಂದ್ರದ ಅಧಿಕಾರಿಯನ್ನು ಹೊಲಕ್ಕೆ ಕರೆಸಿ. ಕಳೆನಾಶಕವೂ 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲೇ ಬರುತ್ತದೆ, ಮಾದರಿ ತೆಗೆಯುವ ಅಧಿಕಾರ ಇಲಾಖೆಯ ನಿರೀಕ್ಷಕರಿಗಿದೆ. ಬ್ಯಾಚ್ ಸಂಖ್ಯೆ ಇರುವ ಬಿಲ್ಲು, ಖಾಲಿ ಬಾಟಲಿ, ಬೀಜದ ಚೀಲ ಮೂರನ್ನೂ ಎತ್ತಿಡಿ. ಬಿಳಿ ಗಿಡದ ಪಕ್ಕದಲ್ಲೇ ನಿಂತ ಆ ಹಸಿರು ಹೈಬ್ರಿಡ್ ಗಿಡ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಚಿತ್ರ ತೆಗೆಯಿರಿ. ಔಷಧದ ಮೇಲೆ ದೂರು ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಬೀಜ ಕೊಟ್ಟವರಿಗೆ ಆ ಚಿತ್ರವನ್ನು ಕಳುಹಿಸಿ, ಈ ತಳಿ ಟೆಂಬೊಟ್ರಿಯೋನ್ ತಾಳುತ್ತದೆಯೇ ಎಂದು ಲಿಖಿತ ಉತ್ತರ ಕೇಳುವ ಹಕ್ಕು ನಿಮಗಿದೆ. ಸಿಹಿಜೋಳದ ಬೀಜ ಒಂದು ಹಿಡಿ ಉಳಿದಿದ್ದರೆ ಒಣ ಡಬ್ಬಿಯಲ್ಲಿ ಇಟ್ಟು, ಇಪ್ಪತ್ತು ಕಾಳುಗಳನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಕುಂಡದಲ್ಲಿ ಬಿತ್ತಿ ನೋಡಲು ಅಷ್ಟು ಸಾಕು.